ಯಂಗ್ಸ್ ಮಾಡ್ಯುಲಸ್‌ನ ಡಾಕ್ಟರ್

ಬೈಕಂಪಾಡಿಯಲ್ಲಿರುವ ನನ್ನ ಅಜ್ಜಿಗೆ ಗ್ಲಾಕೋಮಾ ಉಂಟು. ಪ್ರತಿ ಸಲ ಕಣ್ಣಿನ ಪ್ರೆಶರ್ ನೋಡ್ತಾರೆ, ನಾರ್ಮಲ್ ಬರ್ತದೆ. ಆದರೂ ಬದಿಯ ದೃಷ್ಟಿ ಸ್ವಲ್ಪ ಸ್ವಲ್ಪವೇ ಹೋಗ್ತಾ ಉಂಟು. ಪ್ರೆಶರ್ ಸರಿ ಇದ್ದರೆ ಕಣ್ಣು ಯಾಕೆ ಹೋಗೋದು ಅಂತ ಅಜ್ಜಿ ಕೇಳಿದ್ರು. ಉತ್ತರ ಹುಡುಕುವಾಗ ಸಿಕ್ಕಿದ್ದು ನಮ್ಮ ಸ್ಟ್ರೆಂತ್ ಆಫ್ ಮೆಟೀರಿಯಲ್ಸ್ ಪುಸ್ತಕದ ಹೆಸರು, ಥಾಮಸ್ ಯಂಗ್. ಹೌದು, ಯಂಗ್ಸ್ ಮಾಡ್ಯುಲಸ್‌ನ ಅದೇ ಯಂಗ್. ಆತ ಎಂಜಿನಿಯರ್ ಅಲ್ಲ, ಡಾಕ್ಟರ್!

1773ರಲ್ಲಿ ಇಂಗ್ಲೆಂಡಿನ ಮಿಲ್ವರ್ಟನ್‌ನಲ್ಲಿ ಹುಟ್ಟಿದ. ಹತ್ತು ಮಕ್ಕಳಲ್ಲಿ ದೊಡ್ಡವನು. ಮೆಡಿಕಲ್ ಓದುವಾಗಲೇ ಎತ್ತಿನ ಕಣ್ಣು ಕೊಯ್ದು ನೋಡಿ, ಹತ್ತಿರದ್ದೂ ದೂರದ್ದೂ ಕಣ್ಣಿಗೆ ಹೇಗೆ ಸ್ಪಷ್ಟವಾಗಿ ಕಾಣುತ್ತೆ ಅಂತ 1793ರಲ್ಲಿ ಪೇಪರ್ ಮಂಡಿಸಿದ. ಮರುವರ್ಷ ರಾಯಲ್ ಸೊಸೈಟಿಯ ಫೆಲೋ ಆದ. ಆಗ ವಯಸ್ಸು 21. (ಆ ವಯಸ್ಸಿಗೆ ನಾವು ಬ್ಯಾಕ್‌ಲಾಗ್ ಕ್ಲಿಯರ್ ಮಾಡ್ತಾ ಇರ್ತೇವೆ.)

1801ರ ಪೇಪರ್ ಓದಿದರೆ ಮೈ ಜುಂ ಅನ್ನುತ್ತೆ. ಫೋಕಸ್ ಬದಲಾಗುವಾಗ ಕಣ್ಣುಗುಡ್ಡೆ ಉದ್ದ ಆಗುತ್ತಾ ಅಂತ ತಿಳಿಯಲು ತನ್ನ ಕಣ್ಣನ್ನೇ ಮೂಗಿನ ಕಡೆ ತಿರುಗಿಸಿ, ಮುಂದೆ ಒಂದು ರಿಂಗ್, ಹಿಂದೆ ಕೀಲಿಕೈಯ ರಿಂಗ್ ಒತ್ತಿ ಹಿಡಿದ. ಉದ್ದ ಆಗಲಿಲ್ಲ. ಕಾರ್ನಿಯಾ ಬಾಗುತ್ತಾ ಅಂತ ನೋಡಲು ನೀರು ತುಂಬಿದ ಟ್ಯೂಬನ್ನು ಕಣ್ಣಿಗೆ ಹಚ್ಚಿದ. ಅದೂ ಅಲ್ಲ. ಉಳಿದದ್ದು ಒಳಗಿನ ಲೆನ್ಸ್, ಆಕಾರ ಬದಲಾಯಿಸೋದು ಅದೇ. ತನ್ನ ಕಣ್ಣಿನಲ್ಲೇ ಅಸ್ಟಿಗ್ಮ್ಯಾಟಿಸಂ ಕಂಡುಹಿಡಿದದ್ದೂ ಆಗಲೇ. ಲೆನ್ಸೇ ಒಂದು ಸ್ನಾಯು ಅಂತ ನಂಬಿದ್ದು ಮಾತ್ರ ತಪ್ಪಾಯ್ತು.

1807ರಲ್ಲಿ ಅಚ್ಚಾದ ಉಪನ್ಯಾಸಗಳಲ್ಲಿ ಮಾಡ್ಯುಲಸ್ ಬಂತು. ಅವನ ವಿವರಣೆ ಓದಿದರೆ ತಲೆ ತಿರುಗುತ್ತೆ, ಸ್ಟ್ರೆಸ್ ಬೈ ಸ್ಟ್ರೇನ್ ಅಂತ ಸರಳ ಮಾಡಿದವರು ನಂತರದವರು. ಅವನ ಕ್ಲಾಸೂ ಯಾರಿಗೂ ಅರ್ಥ ಆಗ್ತಿರಲಿಲ್ವಂತೆ. ಮುಂದಿನ ವರ್ಷ ರಕ್ತನಾಳಗಳ ಎಲಾಸ್ಟಿಸಿಟಿ ಮೇಲೆ ಉಪನ್ಯಾಸ ಕೊಟ್ಟ. ಬೆಳಕಿನ ಅಲೆ, ರೊಸೆಟ್ಟಾ ಕಲ್ಲು ಅಂತ ಇನ್ನೂ ಉಂಟು, ಅದು ಬೇರೆಯೇ ಕಥೆ. 1829ರಲ್ಲಿ, 55ನೇ ವಯಸ್ಸಿಗೆ ತೀರಿಹೋದ.

ಗ್ಲಾಕೋಮಾ ಬಗ್ಗೆ ಅವನು ಕೆಲಸ ಮಾಡಿದ್ದಲ್ಲ. ಆದರೆ ಅಜ್ಜಿಯ ಪ್ರಶ್ನೆಗೆ ಉತ್ತರ ಹುಡುಕುವವರು ಅವನ ಮಾಡ್ಯುಲಸ್ಸನ್ನೇ ಹಿಡಿದು ಕೂತಿದ್ದಾರೆ. ಕಣ್ಣಿನ ಹಿಂಭಾಗದಲ್ಲಿ ಜರಡಿಯಂಥ ಒಂದು ಪದರ ಉಂಟು. ಹತ್ತು ಲಕ್ಷದಷ್ಟು ನರದ ಎಳೆಗಳು ಅದರ ತೂತುಗಳ ಮೂಲಕ ಮೆದುಳಿಗೆ ಹೋಗ್ತವೆ. ಅಷ್ಟೇ ಪ್ರೆಶರ್‌ಗೆ ಒಬ್ಬರ ಜರಡಿ ಹೆಚ್ಚು ಬಾಗುತ್ತೆ, ಇನ್ನೊಬ್ಬರದ್ದು ಕಡಿಮೆ. ಓಸಿಟಿ ಸ್ಕ್ಯಾನ್‌ನಲ್ಲಿ ಆ ಸ್ಟ್ರೇನ್ ಅಳೆದು, ಯಾರ ದೃಷ್ಟಿ ಬೇಗ ಹೋಗಬಹುದು ಅಂತ ಮೊದಲೇ ಹೇಳಲು ಪ್ರಯತ್ನ ನಡೀತಾ ಇದೆ. ಹಾಗಂತ ಡ್ರಾಪ್ಸ್ ಬಿಡೋ ಹಾಗಿಲ್ಲ. ನಾರ್ಮಲ್ ಪ್ರೆಶರನ್ನೂ ಇನ್ನಷ್ಟು ಇಳಿಸಿದರೆ ಹಾನಿ ನಿಧಾನ ಆಗ್ತದೆ.

ಮೊನ್ನೆ ಚಾ ಸೋಸುವ ಜರಡಿ ತೋರಿಸಿ ಅಜ್ಜಿಗೆ ಇಷ್ಟು ಹೇಳಿದೆ. ಹಾಗಾದ್ರೆ ನನ್ನ ಜರಡಿ ಎಷ್ಟು ಗಟ್ಟಿ ಅಂತ ಕೇಳಿದ್ರು. ಪ್ರೆಶರ್ ನೋಡಿದಷ್ಟು ಸುಲಭದಲ್ಲಿ ಅದನ್ನು ಅಳೆಯೋ ಮಿಷನ್ ಇನ್ನೂ ಬಂದಿಲ್ಲ.