ಫ್ರಾನ್ಸಿಸ್ಕೊ ತಾರೆಗಾ

ಫ್ರಾನ್ಸಿಸ್ಕೊ ತಾರೆಗಾ (21 ನವೆಂಬರ್ 1852 – 15 ಡಿಸೆಂಬರ್ 1909) ಸ್ಪೇನ್ ದೇಶದ ಗಿಟಾರ್ ವಾದಕ, ಸಂಗೀತ ರಚನಕಾರ ಮತ್ತು ಶಿಕ್ಷಕ. ಶಾಸ್ತ್ರೀಯ ಗಿಟಾರ್ ವಾದನದ ಆಧುನಿಕ ಪದ್ಧತಿಗೆ ತಳಹದಿ ಹಾಕಿದವರಲ್ಲಿ ಇವರು ಪ್ರಮುಖರು. ವಾದ್ಯವನ್ನು ಹಿಡಿಯುವ ರೀತಿ, ಬಲಗೈ ಬೆರಳುಗಳಿಂದ ತಂತಿ ಮೀಟುವ ಕ್ರಮ ಹಾಗೂ ಪಿಜಿಕಾಟೊದಂತಹ ನಾದಭೇದಗಳ ಬಳಕೆ ಇವರ ಶಿಷ್ಯರ ಮೂಲಕ ಮುಂದಿನ ತಲೆಮಾರುಗಳನ್ನು ತಲುಪಿದವು.

ಬಾಲ್ಯ

ತಾರೆಗಾ ಅವರು ಪೂರ್ವ ಸ್ಪೇನಿನ ಕಸ್ತೆಯೋನ್ ಪ್ರಾಂತ್ಯದ ವಿಯಾರಿಯಲ್ ಪಟ್ಟಣದಲ್ಲಿ ಜನಿಸಿದರು. ತಂದೆ ಹವ್ಯಾಸಿ ಗಿಟಾರ್ ವಾದಕರಾಗಿದ್ದರು. ಬಾಲಕನಾಗಿದ್ದಾಗ ನೀರಾವರಿ ಕಾಲುವೆಗೆ ಬಿದ್ದುದರಿಂದ ಅವರ ಕಣ್ಣುಗಳಿಗೆ ತೀವ್ರ ಹಾನಿಯಾಯಿತು. ದೃಷ್ಟಿ ಪೂರ್ಣವಾಗಿ ನಷ್ಟವಾದರೂ ಮಗನು ಸಂಗೀತದಿಂದ ಜೀವನ ಸಾಗಿಸಬಲ್ಲನೆಂಬ ಆಲೋಚನೆಯಿಂದ ಕುಟುಂಬವು ಕಸ್ತೆಯೋನ್ ನಗರಕ್ಕೆ ಸ್ಥಳಾಂತರಗೊಂಡಿತು. ಅಲ್ಲಿ ಅವರಿಗೆ ಮೊದಲ ಪಾಠ ಹೇಳಿದ ಇಬ್ಬರು ಗುರುಗಳೂ ಅಂಧರಾಗಿದ್ದರು.

1862ರಲ್ಲಿ ಪ್ರಸಿದ್ಧ ವಾದಕ ಹೂಲಿಯಾನ್ ಆರ್ಕಾಸ್ ಬಾಲಕನ ವಾದನವನ್ನು ಕೇಳಿ, ಬಾರ್ಸಿಲೋನಾದಲ್ಲಿ ತಮ್ಮ ಬಳಿ ಕಲಿಯಲು ಕಳುಹಿಸುವಂತೆ ಸೂಚಿಸಿದರು. ಗಿಟಾರ್ ಜೊತೆಗೆ ಪಿಯಾನೊವನ್ನೂ ಕಲಿಯಬೇಕೆಂಬುದು ತಂದೆಯ ಷರತ್ತಾಗಿತ್ತು. ಆ ಕಾಲದಲ್ಲಿ ಗಿಟಾರ್ ಹೆಚ್ಚಾಗಿ ಹಾಡುಗಾರಿಕೆಯ ಪಕ್ಕವಾದ್ಯವಾಗಿತ್ತು. ಸಂಗೀತಗಾರನ ಜೀವನೋಪಾಯಕ್ಕೆ ಪಿಯಾನೊವೇ ಆಧಾರವೆಂಬ ನಂಬಿಕೆಯಿತ್ತು.

ಶಿಕ್ಷಣ ಮತ್ತು ವೃತ್ತಿಜೀವನ

1869ರಲ್ಲಿ ತಾರೆಗಾ ಅವರು ಸೆವಿಲ್ಲೆಯ ವಾದ್ಯತಯಾರಕ ಆಂತೋನಿಯೊ ದೆ ತೋರೆಸ್ ಅವರಿಂದ ಗಿಟಾರನ್ನು ಪಡೆದರು. ತೋರೆಸರ ವಾದ್ಯಗಳ ಒಡಲು ಹಿಂದಿನವುಗಳಿಗಿಂತ ದೊಡ್ಡದಾಗಿದ್ದು, ಅವುಗಳ ನಾದವೂ ಹೆಚ್ಚು ತುಂಬಿದುದಾಗಿತ್ತು. 1874ರಲ್ಲಿ ಮ್ಯಾಡ್ರಿಡ್ ಸಂಗೀತ ಶಾಲೆಯನ್ನು ಸೇರಿದ ಅವರು ಗಿಟಾರನ್ನೇ ತಮ್ಮ ವಾದ್ಯವನ್ನಾಗಿ ಆರಿಸಿಕೊಂಡರು. ಬಳಿಕ ಬಾರ್ಸಿಲೋನಾದಲ್ಲಿ ನೆಲೆಸಿ ಪಾಠ ಹೇಳಿದರು. ಪ್ಯಾರಿಸ್ ಮತ್ತು ಲಂಡನ್‌ಗಳಲ್ಲಿಯೂ ಕಛೇರಿ ನಡೆಸಿದರು. 1882ರಲ್ಲಿ ಮರಿಯಾ ಹೊಸೆ ರಿಸೊ ಅವರನ್ನು ವಿವಾಹವಾದರು.

ವಾದನ ತಂತ್ರ

ಎಡಪಾದವನ್ನು ಪುಟ್ಟ ಮಣೆಯ ಮೇಲಿರಿಸಿ, ಎಡತೊಡೆಯ ಮೇಲೆ ಗಿಟಾರನ್ನು ಊರಿ ನುಡಿಸುವ ಭಂಗಿಯು ತಾರೆಗಾ ಅವರಿಂದ ವ್ಯಾಪಕವಾಗಿ ಪ್ರಚಾರಕ್ಕೆ ಬಂದಿತು.

ಪಿಟೀಲಿನಲ್ಲಿ ಪಿಜಿಕಾಟೊ ಎಂದರೆ ಕಮಾನನ್ನು ಬಿಟ್ಟು ಬೆರಳಿನಿಂದ ತಂತಿ ಮೀಟುವುದು. ಗಿಟಾರನ್ನು ಸದಾ ಮೀಟಿಯೇ ನುಡಿಸುವುದರಿಂದ ಅಲ್ಲಿ ಈ ಪದದ ಅರ್ಥ ಬೇರೆ. ತಂತಿಗಳ ಬುಡವನ್ನು ಹೊರುವ ಕುದುರೆಯ ಪಕ್ಕದಲ್ಲಿ, ಬಲ ಅಂಗೈಯ ಕಿರುಬೆರಳಿನ ಕಡೆಯ ಅಂಚನ್ನು ತಂತಿಗಳ ಮೇಲೆ ಹಗುರವಾಗಿ ಇರಿಸಿ, ಸಾಮಾನ್ಯವಾಗಿ ಹೆಬ್ಬೆರಳಿನಿಂದ ಮೀಟಲಾಗುತ್ತದೆ. ಆಗ ಅನುರಣನ ಅಡಗಿ, ಮೊಟಕಾದ ಮೃದುಸ್ವರ ಕೇಳಿಸುತ್ತದೆ. ಕೈಯ ಭಾರ ಹೆಚ್ಚಾದರೆ ಸ್ವರವೇ ಮುಚ್ಚಿಹೋಗುತ್ತದೆ. ಕಡಿಮೆಯಾದರೆ ತಂತಿ ಎಂದಿನಂತೆ ಮೊಳಗುತ್ತದೆ. ಈ ಹದವನ್ನು ಸಾಧಿಸುವುದೇ ಕಲಿಯುವವರಿಗೆ ಕಷ್ಟವಾದ ಭಾಗ.

ತಾರೆಗಾ ಈ ತಂತ್ರವನ್ನು ಕಂಡುಹಿಡಿದವರಲ್ಲ. ಆದರೆ ಅದನ್ನು ಇತರ ನಾದಭೇದಗಳೊಡನೆ ತಮ್ಮ ಕೃತಿಗಳಲ್ಲಿ ಅಳವಡಿಸಿದರು. ಗ್ರಾನ್ ಹೋತಾ ಕೃತಿಯಲ್ಲಿ ಎರಡು ತಂತಿಗಳನ್ನು ಒಂದರ ಮೇಲೊಂದು ಹೆಣೆದು ಹಿಡಿದು ಮೀಟುವ ಮೂಲಕ ನಗಾರಿಯಂತಹ ಧ್ವನಿಯನ್ನು ಹೊರಡಿಸಲಾಗುತ್ತದೆ. ಜೀವನದ ಕೊನೆಯ ವರ್ಷಗಳಲ್ಲಿ ಅವರು ಉಗುರುಗಳನ್ನು ಕತ್ತರಿಸಿ, ಬೆರಳತುದಿಯ ಮಾಂಸಲ ಭಾಗದಿಂದಲೇ ನುಡಿಸತೊಡಗಿದರು.

ಕೊನೆಯ ದಿನಗಳು

1906ರಲ್ಲಿ ಪಾರ್ಶ್ವವಾಯುವಿನಿಂದ ಅವರ ದೇಹದ ಬಲಭಾಗ ನಿಷ್ಕ್ರಿಯವಾಯಿತು. ನಾದದ ಸೂಕ್ಷ್ಮಗಳನ್ನೆಲ್ಲ ರೂಪಿಸಿದ್ದ ಬಲಗೈಯೇ ಸ್ವಾಧೀನ ತಪ್ಪಿತ್ತು. ಕ್ರಮೇಣ ಚೇತರಿಸಿಕೊಂಡು ಮತ್ತೆ ಕಛೇರಿ ನೀಡಿದರಾದರೂ ಸಂಪೂರ್ಣವಾಗಿ ಗುಣಮುಖರಾಗಲಿಲ್ಲ. 1909ರ ಡಿಸೆಂಬರ್ 15ರಂದು ಬಾರ್ಸಿಲೋನಾದಲ್ಲಿ ನಿಧನರಾದರು. 1915ರಲ್ಲಿ ಅವರ ಪಾರ್ಥಿವ ಅವಶೇಷಗಳನ್ನು ಕಸ್ತೆಯೋನ್‌ಗೆ ತರಲಾಯಿತು.

ಶಿಷ್ಯಪರಂಪರೆ ಮತ್ತು ಪ್ರಭಾವ

ತಾರೆಗಾ ತಮ್ಮ ಪದ್ಧತಿಯನ್ನು ವಿವರಿಸುವ ಪಠ್ಯಗ್ರಂಥವನ್ನು ಪ್ರಕಟಿಸಲಿಲ್ಲ. ಮಿಗೆಲ್ ಯೊಬೆತ್, ಎಮಿಲಿಯೊ ಪುಹೋಲ್, ದಾನಿಯೆಲ್ ಫೋರ್ತೆಯಾ, ಹೊಸೆಫಿನಾ ರೊಬ್ಲೆದೊ ಮುಂತಾದ ಶಿಷ್ಯರೇ ಅದನ್ನು ಉಳಿಸಿದರು. ಪುಹೋಲ್ ಅವರು ಗುರುವಿನ ತತ್ತ್ವಗಳನ್ನು ಆಧರಿಸಿ ಹಲವು ಸಂಪುಟಗಳ ಪಠ್ಯವನ್ನು ರಚಿಸಿದರು. ಅವರು ಗುರುವಿನಂತೆ ಉಗುರಿಲ್ಲದೆ ನುಡಿಸಿದರೆ, ಯೊಬೆತ್ ಉಗುರಿನ ಬಳಕೆಯನ್ನು ಮುಂದುವರಿಸಿದರು. ಹೀಗೆ ಒಬ್ಬ ಗುರುವಿನಿಂದಲೇ ಎರಡು ನಾದಮಾರ್ಗಗಳು ಕವಲೊಡೆದವು.

ರೆಕುವೆರ್ದೋಸ್ ದೆ ಲಾ ಅಲಾಂಬ್ರಾ, ಕಪ್ರೀಚೊ ಆರಬೆ, ಲಾಗ್ರಿಮಾ ಮತ್ತು ಅದೆಲೀತಾ ಅವರ ಪ್ರಸಿದ್ಧ ರಚನೆಗಳು. ಗ್ರಾನ್ ವಾಲ್ಸ್ ಕೃತಿಯ ಒಂದು ತುಣುಕು ಶತಮಾನದ ಕೊನೆಯಲ್ಲಿ ನೋಕಿಯಾ ಮೊಬೈಲ್‌ಗಳ ಕರೆಧ್ವನಿಯಾಗಿ ಲೋಕಪ್ರಸಿದ್ಧವಾಯಿತು.