ಪರದೆ ಬರೆದ ಕೈ, ಕ್ಯಾಮೆರಾ ಕಟ್ಟಿದ ಕೈ: ಬಾಬುರಾವ್ ಪೇಂಟರ್

ಇಂದಿನ ಮನೆಗಳಲ್ಲಿ ಚಲಿಸುವ ಚಿತ್ರಕ್ಕೆ ಬರವಿಲ್ಲ. ಬೆರಳು ಸೋಕಿದರೆ ಸಾಕು, ಕಾಣಿಸಿಕೊಳ್ಳುತ್ತದೆ. ಅಂಥ ಚಿತ್ರವನ್ನು ಹಿಡಿಯಲು ಯಂತ್ರವನ್ನೇ ಕೈಯಾರೆ ರೂಪಿಸಿದ ಕೊಲ್ಹಾಪುರದ ಕಲಾವಿದರೊಬ್ಬರ ಬದುಕನ್ನು ಈ ವಾರ ನಾವು ವಾಚಕರ ಮುಂದಿಡುತ್ತಿದ್ದೇವೆ.

ಬಾಬುರಾವ್ ಕೃಷ್ಣರಾವ್ ಮೇಸ್ತ್ರಿಯವರು ಜನಿಸಿದ್ದು 1890ರ ಜೂನ್ 3ರಂದು. ತಂದೆ ಮರಗೆಲಸ, ಕಮ್ಮಾರಿಕೆ, ಶಿಲ್ಪ ಎಲ್ಲವನ್ನೂ ಬಲ್ಲವರು. ಬಾಬುರಾಯರು ಚಿತ್ರಕಲೆಯನ್ನು ಸ್ವಪ್ರಯತ್ನದಿಂದಲೇ ಕಲಿತರು. 1910ರಿಂದ 1916ರವರೆಗೆ ಅವರೂ ದಾಯಾದಿ ಸಹೋದರ ಆನಂದರಾಯರೂ ನಾಟಕ ಮಂಡಳಿಗಳಿಗೆ ಪರದೆಗಳನ್ನು ಬರೆದು ಹೆಸರಾದರು. ಕಂಪೆನಿ ನಾಟಕದ ಅರಮನೆ, ಅಡವಿಗಳ ಪರದೆಯನ್ನು ಕಂಡ ಹಿರಿಯರಿಗೆ ಆ ಕಸುಬಿನ ಬೆಲೆಯನ್ನು ನಾವು ವಿವರಿಸಬೇಕಾಗಿಲ್ಲ. ವೃತ್ತಿಯೇ ಮನೆತನದ ಹೆಸರನ್ನು ಮರೆಸಿತು. ಮೇಸ್ತ್ರಿ ಪೇಂಟರ್ ಆದರು.

1913ರಲ್ಲಿ ಫಾಲ್ಕೆಯವರ 'ರಾಜಾ ಹರಿಶ್ಚಂದ್ರ' ಬಂದಿತು. ಸಹೋದರರಿಬ್ಬರಿಗೂ ಚಲನಚಿತ್ರದ ಗೀಳು ಹಿಡಿಯಿತು. ಮುಂಬಯಿಯ ಹಳೆಯ ಸಾಮಾನುಗಳ ಪೇಟೆಯಿಂದ ಪ್ರೊಜೆಕ್ಟರೊಂದನ್ನು ಕೊಂಡು ತಂದು, ಚಿತ್ರ ತೋರಿಸುತ್ತಲೇ ಅದರ ಮರ್ಮವನ್ನು ಅಭ್ಯಸಿಸಿದರು. ಆನಂದರಾಯರು ಕ್ಯಾಮೆರಾ ನಿರ್ಮಾಣಕ್ಕೆ ಕೈಹಾಕಿದರು. ಆದರೆ ಅದು ಮುಗಿಯುವ ಮುನ್ನವೇ, 1916ರಲ್ಲಿ, ಅಕಾಲ ಮರಣಕ್ಕೆ ತುತ್ತಾದರು. ಜೊತೆಗಾರನಿಲ್ಲದ ಕೆಲಸವನ್ನು ಬಾಬುರಾಯರು ಕೈಬಿಡಲಿಲ್ಲ. ಶಿಷ್ಯ ದಾಮ್ಲೆಯವರ ನೆರವಿನಿಂದ 1918ರ ಹೊತ್ತಿಗೆ ಯಂತ್ರ ಸಿದ್ಧವಾಯಿತು. ಹಣ ನೀಡಿ ಮಹಾರಾಷ್ಟ್ರ ಫಿಲ್ಮ್ ಕಂಪೆನಿಗೆ ಆಸರೆಯಾದವರು ಗಾಯಕಿ ತಾನೀಬಾಯಿ ಕಾಗಲ್ಕರ್ ಎಂಬುದನ್ನು ಇಲ್ಲಿ ಸ್ಮರಿಸಲೇಬೇಕು.

1920ರ 'ಸೈರಂಧ್ರಿ' ಅವರ ಮೊದಲ ಚಿತ್ರ. ಗಂಡಸರೇ ಸ್ತ್ರೀವೇಷ ಧರಿಸುತ್ತಿದ್ದ ದಿನಗಳಲ್ಲಿ ಗುಲಾಬ್‌ಬಾಯಿ, ಅನಸೂಯಾಬಾಯಿ ಎಂಬ ಸ್ತ್ರೀಯರೇ ಅದರಲ್ಲಿ ನಟಿಸಿದರು. ಸ್ವಜನರು ಅವರನ್ನು ದೂರವಿಟ್ಟರು. ಸ್ಟುಡಿಯೋದ ಆವರಣವೇ ಅವರಿಗೆ ಮನೆಯಾಯಿತು. ಚಿತ್ರಕ್ಕೆ ದೊರೆತ ಕೀರ್ತಿಯ ಲೆಕ್ಕದಲ್ಲಿ ಈ ಬೆಲೆಯನ್ನು ಬರೆದಿಡುವವರು ವಿರಳ. ಭೀಮನು ಕೀಚಕನನ್ನು ಕೊಲ್ಲುವ ದೃಶ್ಯ ತೀರ ನೈಜವಾಗಿತ್ತೆಂದು ಸರ್ಕಾರ ಅದಕ್ಕೆ ಕತ್ತರಿ ಹಾಕಿತು. ತಿಲಕರು ನಿರ್ದೇಶಕರಿಗೆ 'ಸಿನಿಮಾ ಕೇಸರಿ' ಎಂಬ ಬಿರುದನ್ನಿತ್ತರು.

ಚಿತ್ರೀಕರಣಕ್ಕೆ ಮೊದಲೇ ದೃಶ್ಯಗಳನ್ನೂ ಉಡುಪುಗಳನ್ನೂ ಬಾಬುರಾಯರು ಬರೆದಿಡುತ್ತಿದ್ದರು; ಭಿತ್ತಿಚಿತ್ರಗಳೂ ಅವರ ಕುಂಚದಿಂದಲೇ ಮೂಡುತ್ತಿದ್ದವು. ಚಪ್ಪಟೆ ಪರದೆಗಳ ಬದಲು ಆಳವುಳ್ಳ ದೃಶ್ಯಸಜ್ಜಿಕೆಯನ್ನು ತಂದರು. 'ಸಿಂಹಗಡ' (1923) ಚಿತ್ರದ ರಾತ್ರಿಯ ದೃಶ್ಯಗಳಿಗೆ ಕೃತಕ ಬೆಳಕನ್ನು ಬಳಸಿದರು. ಸೂರ್ಯನನ್ನೇ ನಂಬಿದ್ದ ಕಸುಬಿನಲ್ಲಿ ಅದು ಸಣ್ಣ ಸಾಹಸವಲ್ಲ.

ಆದರೂ ನಮ್ಮ ದೃಷ್ಟಿಯಲ್ಲಿ ಅವರ ಹಿರಿಮೆ ಇರುವುದು 1925ರ 'ಸಾವ್‌ಕಾರಿ ಪಾಶ್' ಚಿತ್ರದಲ್ಲಿ. ಪುರಾಣ, ಇತಿಹಾಸಗಳನ್ನು ಬದಿಗಿರಿಸಿ, ಸಾಲದ ಕುಣಿಕೆಗೆ ಸಿಕ್ಕಿ ಹೊಲ ಕಳೆದುಕೊಂಡು ನಗರದ ಗಿರಣಿಗೆ ದುಡಿಯಲು ಹೋಗುವ ರೈತನನ್ನು ಅವರು ತೆರೆಗೆ ತಂದರು. ರೈತನಾದವರು ತರುಣ ವಿ. ಶಾಂತಾರಾಂ. ಕತ್ತಲು ಕವಿದ ಗುಡಿಸಲು, ಊಳಿಡುವ ನಾಯಿ: ಮೂಕ ಚಿತ್ರದಲ್ಲಿ ಆ ಊಳು ಕೇಳಿಸುವುದಿಲ್ಲ, ಕಾಣಿಸುತ್ತದೆ. ಪ್ರೇಕ್ಷಕರು ಮಾತ್ರ ಪುರಾಣ ಕಥೆಗಳನ್ನು ಒಪ್ಪಿಕೊಂಡಂತೆ ಇದನ್ನು ಒಪ್ಪಿಕೊಳ್ಳಲಿಲ್ಲ. ತಮ್ಮ ಮನೆಬಾಗಿಲ ಸಂಕಟವನ್ನು ಕಾಸು ಕೊಟ್ಟು ನೋಡಲು ಯಾರಿಗೆ ತಾನೆ ಮನಸ್ಸಾದೀತು?

1929ರಲ್ಲಿ ಶಾಂತಾರಾಂ, ದಾಮ್ಲೆ, ಫತ್ತೇಲಾಲ್, ಧಾಯ್ಬರ್ ಹೊರಬಂದು 'ಪ್ರಭಾತ್' ಸಂಸ್ಥೆಯನ್ನು ಸ್ಥಾಪಿಸಿದರು. ಗುರುವಿನ ಅಂಗಳ ಬರಿದಾಯಿತು. 1931ರಲ್ಲಿ ಮಾತಿನ ಚಿತ್ರಗಳು ಬಂದವು. ಕಣ್ಣಿಗಾಗಿ ಬೆಳೆಸಿದ ಕಲೆಯನ್ನು ಧ್ವನಿ ನುಂಗಿಬಿಡುವುದೆಂದು ಬಾಬುರಾಯರು ಶಂಕಿಸಿದರು. ಆ ಶಂಕೆ ಪೂರ್ಣ ಸರಿಯಲ್ಲ. ಅವರದೇ ಶಿಷ್ಯರಾದ ದಾಮ್ಲೆ, ಫತ್ತೇಲಾಲರ 'ಸಂತ ತುಕಾರಾಂ' (1936) ಮಾತೂ ನೋಟವೂ ಕೂಡಿ ನಡೆಯಬಲ್ಲವೆಂದು ತೋರಿಸಿತು. ಬಾಬುರಾಯರೂ 1936ರಲ್ಲಿ 'ಸಾವ್‌ಕಾರಿ ಪಾಶ್' ಚಿತ್ರವನ್ನು ಮಾತಿನೊಡನೆ ಮತ್ತೆ ತೆಗೆದರು; ಇನ್ನು ಕೆಲವನ್ನೂ ನಿರ್ದೇಶಿಸಿದರು. ಆದರೆ ಅವರ ಮನಸ್ಸು ಕುಂಚ, ಉಳಿಗಳತ್ತಲೇ ಮರಳಿತ್ತು.

1954ರ ಜನವರಿ 16ರಂದು ಕೊಲ್ಹಾಪುರದಲ್ಲಿಯೇ ಅವರು ತೀರಿಕೊಂಡರು. ಅವರ ಮೂಕ ಚಿತ್ರಗಳಲ್ಲಿ ಬಹುಪಾಲು ನಾಶವಾಗಿವೆ. 'ಮುರಳೀವಾಲಾ' ಮುಂತಾದವುಗಳ ತುಣುಕುಗಳಷ್ಟೇ ಉಳಿದಿವೆ.