ಲಾಭದ ಲೆಕ್ಕ

ಯೌವನಸ್ಥರೇ, ನಂಬಿದರೆ ನಷ್ಟವೇನೂ ಇಲ್ಲ, ದೇವರಿದ್ದರೆ ಪೂರಾ ಲಾಭ ಅಂತ ಪಾಸ್ಕಲ್ ಎನ್ನುವ ಫ್ರೆಂಚ್ ಗಣಿತಜ್ಞ 17ನೇ ಶತಮಾನದಲ್ಲೇ ಲೆಕ್ಕ ಹಾಕಿದ್ದ. ನಿಮ್ಮಲ್ಲಿ ಕೆಲವರು ಇದನ್ನೇ ಇನ್ಶೂರೆನ್ಸ್ ಥರ ಹೇಳ್ತೀರಿ. ನಮ್ಮ ಕುಂಭಾಶಿ ಕಡೆ ಕೋಳಿಅಂಕಕ್ಕೆ ಹಣ ಕಟ್ಟುವವನೂ ಹೋದರೆ ಎಷ್ಟು ಹೋದೀತು ಅಂತ ಮೊದಲೇ ನೋಡ್ತಾನೆ.

ಆನಂದರಾವ್ ಕೌಂಡಿನ್ಯರಿಗೆ ಹೋದದ್ದು ಸಣ್ಣದಲ್ಲ. ಮಂಗಳೂರಿನ ಸಾರಸ್ವತ ಬ್ರಾಹ್ಮಣ ಹುಡುಗ, ಬಾಸೆಲ್ ಮಿಷನ್ ಶಾಲೆಯ ವಿದ್ಯಾರ್ಥಿ. 1843ರಲ್ಲಿ ಮಂಗಳೂರ ಸಮಾಚಾರ ತಂದ ಮೋಗ್ಲಿಂಗರು ಇದ್ದಾರಲ್ಲ, ಅವರ ಒಡನಾಟ. 1844ರ ಜನವರಿಯಲ್ಲಿ ಇನ್ನಿಬ್ಬರೊಂದಿಗೆ ದೀಕ್ಷಾಸ್ನಾನ ತಗೊಂಡರು. ವಯಸ್ಸು ಇನ್ನೂ ಇಪ್ಪತ್ತಾಗಿರಲಿಲ್ಲ. ಹೆಸರು ಹರ್ಮನ್ ಆಯ್ತು, ಊರಲ್ಲಿ ಗಲಾಟೆ ಆಯ್ತು, ಜಾತಿ ಹೋಯ್ತು, ಮನೆಯ ಬಾಗಿಲೂ ಹೋಯ್ತು.

ಕೊನೆಯಿಲ್ಲದ ಲಾಭದ ಎದುರು ಅದೆಲ್ಲ ಚಿಲ್ಲರೆ ಅಂತ ಪಾಸ್ಕಲ್ ಹೇಳಬಹುದಿತ್ತು. ನನಗೆ ಹಾಗನಿಸೋದಿಲ್ಲ. ಲೆಕ್ಕ ಹಾಕುವವನಿಗೆ ದೇವರು ‘ಇರಬಹುದು’ ಅಷ್ಟೇ. ‘ಇರಬಹುದು’ ಅನ್ನುವುದಕ್ಕಾಗಿ ಯಾರಾದರೂ ತಾಯಿಮನೆ ಬಿಡ್ತಾರಾ?

ಅವರಿಗೆ ಹಿಂದೆ ಹೋಗುವ ದಾರಿ ಹುಡುಕಬಹುದಿತ್ತು. 1846ರಲ್ಲಿ ಬಾಸೆಲ್‌ಗೆ ಹೋದರು, ಬೋಧಕರಾಗಿ 1851ರಲ್ಲಿ ತಿರುಗಿ ಬಂದರು, ಅದೂ ಮಂಗಳೂರಿಗೇ, ತಮ್ಮನ್ನು ಹೊರಗಿಟ್ಟ ಜನರಿದ್ದ ಅದೇ ಪೇಟೆಗೆ. ಅಲ್ಲಿ ಉಪದೇಶಿಗಳಾಗುವ ಹುಡುಗರಿಗೆ ವರ್ಷಗಟ್ಟಲೆ ಪಾಠ ಹೇಳಿದರು. ತೀರಿಕೊಂಡದ್ದು 1893ರಲ್ಲಿ.